ನೆನಪಿಗೊಂದು ಸಭಾಮಂದಿರ: ಕೊಲಂಬೋ ನಗರದ ಬಂಡಾರನಾಯಕೆ ಸ್ಮಾರಕ ಭವನದ ಚರಿತ್ರೆ



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಾವಸರದಲ್ಲಿ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ನಮ್ಮಿಂದ ಅವರು ನಿರೀಕ್ಷಿಸಿದ್ದು ಈ ಧರ್ಮಕೇಂದ್ರದ ಚರಿತ್ರೆಯನ್ನೇ. ಆದರೆ ಆ ಚರಿತ್ರೆಯನ್ನು ನಮಗಿಂತ ಹೆಚ್ಚು ಬಲ್ಲ ಹಿರಿಯರು ಈ ಸಂಚಿಕೆಯ ಇತರ ಪುಟಗಳಲ್ಲಿ ಬರೆದಿದ್ದಾರೆ. ನಾವು ಸಮುದ್ರದಾಚೆಯ ಒಂದು ಕಟ್ಟಡದ ಚರಿತ್ರೆಯನ್ನು ನಿಮ್ಮ ಮುಂದಿಡಲು ಹೊರಟಿದ್ದೇವೆ. ಇದಕ್ಕೆ ಕಾರಣವುಂಟು.

ಶತಮಾನೋತ್ಸವದ ನೆನಪಿಗೆ ಒಂದು ಸಮುದಾಯ ಭವನವನ್ನು ಕಟ್ಟಬೇಕೆಂಬ ವಿಷಯದಲ್ಲಿ ನಮ್ಮ ಪಾಲನಾ ಮಂಡಳಿಯಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದಕ್ಕೆ ಯಾರ ಹೆಸರನ್ನಿಡಬೇಕು, ಬಾಗಿಲ ಬಳಿಯ ಕಲ್ಲಿನಲ್ಲಿ ಯಾರ ಹೆಸರುಗಳನ್ನು ಕೆತ್ತಿಸಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಸಭೆ ಎರಡಾಯಿತು. ಕೆಲವರು ಹೆಚ್ಚಿನ ದಾನ ಕೊಟ್ಟ ಮನೆತನದ ಹೆಸರನ್ನು ಸೂಚಿಸಿದರು. ಕೆಲವರು ನಮ್ಮ ಮೊದಲ ವಿಚಾರಣಾ ಗುರುಗಳ ಹೆಸರೇ ಸಾಕೆಂದರು. ನಾವು ಎರಡನೆಯವರ ಪಕ್ಷದಲ್ಲಿದ್ದೆವು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಎದ್ದುನಿಂತು, “ಸ್ವಾಮಿ, ಸುವರ್ಣ ಮಹೋತ್ಸವದ ಕಲ್ಲಿನಲ್ಲಿ ನಮ್ಮ ಅಜ್ಜನ ಹೆಸರು ಎಲ್ಲಿದೆ?” ಎಂದು ಕೇಳಿದರು. ಅವರ ಅಜ್ಜ ಕಾಫಿ ತೋಟದ ಕೂಲಿ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಹೊಳೆಯಿಂದ ಈ ದೇವಾಲಯದ ತಳಪಾಯಕ್ಕೆ ಕಲ್ಲು ಹೊತ್ತವರಲ್ಲಿ ಒಬ್ಬರು. ಐವತ್ತು ವರ್ಷಗಳ ಹಿಂದೆ ನೆಟ್ಟ ಆ ಕಲ್ಲಿನಲ್ಲಿ ಮೂವರು ದಾನಿಗಳ ಹೆಸರುಗಳಿವೆ. ಕಲ್ಲು ಹೊತ್ತವರ ಹೆಸರು ಒಂದೂ ಇಲ್ಲ. ನಮ್ಮಲ್ಲಿ ಆ ಅಮ್ಮನಿಗೆ ಕೊಡಲು ಉತ್ತರವಿರಲಿಲ್ಲ.

ಅಂದು ರಾತ್ರಿ ನಮಗೆ ನೆನಪಾದದ್ದು ಕೊಲಂಬೋ ನಗರದ ಒಂದು ಮಹಾಮಂದಿರ. 2015ರ ಜನವರಿಯಲ್ಲಿ ಸಂತ ಜೋಸೆಫ್ ವಾಜ್ ಅವರ ಸಂತಪದವಿಯ ಘೋಷಣೆಗೆಂದು ಯಾತ್ರಿಕರೊಡನೆ ಅಲ್ಲಿಗೆ ಹೋಗಿದ್ದಾಗ ಅದನ್ನು ರಸ್ತೆಯಿಂದಲೇ ಕಂಡಿದ್ದೆವು. ಅದು ದೇಶದೇಶಗಳ ಪ್ರತಿನಿಧಿಗಳು ಕೂಡುವ ಸಭಾಭವನ. ಜೊತೆಗೆ ಕೊಲೆಯಾದ ಒಬ್ಬ ಪ್ರಧಾನಿಯ ಸ್ಮಾರಕ. ಒಂದು ಕಟ್ಟಡ ಸ್ಮಾರಕವಾಗುವುದು ಅದರ ಮೇಲೆ ಬರೆದ ಹೆಸರಿನಿಂದಲೋ, ಅದರೊಳಗೆ ನಡೆಯುವ ಕಾರ್ಯದಿಂದಲೋ ಎಂಬುದನ್ನು ಅದರ ಚರಿತ್ರೆ ನಮಗೆ ಸ್ವಲ್ಪಮಟ್ಟಿಗೆ ತಿಳಿಸಿಕೊಡುತ್ತದೆ.

ಯಾರ ನೆನಪು?

ಸಾಲೊಮನ್ ವೆಸ್ಟ್ ರಿಜ್‌ವೇ ಡಯಾಸ್ ಬಂಡಾರನಾಯಕೆ 1899ರ ಜನವರಿ 8ರಂದು ಸಿಂಹಳದ ಶ್ರೀಮಂತ ಆಂಗ್ಲಿಕನ್ ಕ್ರೈಸ್ತ ಮನೆತನದಲ್ಲಿ ಹುಟ್ಟಿದರು. ಬ್ರಿಟಿಷ್ ಸರಕಾರದಲ್ಲಿ ದೊಡ್ಡ ಮಾನಮರ್ಯಾದೆಯಿದ್ದ ಮನೆ. ಆಕ್ಸ್‌ಫರ್ಡ್‌ನಲ್ಲಿ ಓದಿ ಹಿಂದಿರುಗಿದ ಮೇಲೆ ಅವರು ಬೌದ್ಧಧರ್ಮವನ್ನು ಸ್ವೀಕರಿಸಿದರು. ದೇಶೀಯ ಉಡುಪನ್ನು ತೊಟ್ಟರು. ಹಳ್ಳಿಯ ಜನರ ನಾಯಕರಾದರು. 1956ರ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯಾದ ಕೂಡಲೇ ಸಿಂಹಳ ಭಾಷೆಯೊಂದನ್ನೇ ಆಡಳಿತ ಭಾಷೆಯನ್ನಾಗಿ ಮಾಡುವ ಕಾನೂನನ್ನು ತಂದರು. ಇಂಗ್ಲಿಷ್ ಬಾರದ ಬಹುಸಂಖ್ಯಾತ ಬಡವರಿಗೆ ಅದು ಬಾಗಿಲು ತೆರೆದಂತೆ ಕಂಡಿತು. ಅದೇ ಕಾನೂನು ತಮಿಳು ಮಾತನಾಡುವವರ ಪಾಲಿಗೆ ಮುಚ್ಚಿದ ಬಾಗಿಲಾಯಿತು. 1957ರ ಜುಲೈನಲ್ಲಿ ತಮಿಳು ನಾಯಕ ಚೆಲ್ವನಾಯಕಂ ಅವರೊಡನೆ ಬಂಡಾರನಾಯಕೆಯವರು ಒಪ್ಪಂದ ಮಾಡಿಕೊಂಡು ಗಾಯಕ್ಕೆ ಮದ್ದು ಹಚ್ಚಲು ಯತ್ನಿಸಿದರು. 1958ರ ಏಪ್ರಿಲ್‌ನಲ್ಲಿ ಭಿಕ್ಷುಗಳು ಅವರ ಮನೆಯಂಗಳದಲ್ಲೇ ಕುಳಿತು ಪ್ರತಿಭಟಿಸಿದಾಗ ಆ ಒಪ್ಪಂದವನ್ನು ಕೈಬಿಟ್ಟರು. ಅದೇ ವರ್ಷ ಭೀಕರ ಜನಾಂಗೀಯ ಗಲಭೆಗಳಾದವು. ಮುಂದೆ 1983ರಿಂದ 2009ರವರೆಗೆ ಆ ದ್ವೀಪವನ್ನು ಸುಟ್ಟ ಯುದ್ಧದ ಬೇರುಗಳಲ್ಲಿ ಕೆಲವನ್ನು ಚರಿತ್ರಕಾರರು ಈ ವರ್ಷಗಳಲ್ಲಿಯೇ ಕಾಣುತ್ತಾರೆ.

1959ರ ಸೆಪ್ಟೆಂಬರ್ 25ರಂದು ಬೆಳಿಗ್ಗೆ ಪ್ರಧಾನಿ ತಮ್ಮ ಮನೆಯ ಜಗಲಿಯಲ್ಲಿ ಜನರನ್ನು ಕಾಣುತ್ತಿದ್ದರು. ಕಾವಿ ತೊಟ್ಟ ಭಿಕ್ಷುವೊಬ್ಬನಿಗೆ ವಂದಿಸಲು ಬಾಗಿದಾಗ ಆ ಭಿಕ್ಷು, ತಾಲ್ದುವೆ ಸೋಮರಾಮ, ರಿವಾಲ್ವರಿನಿಂದ ಗುಂಡು ಹಾರಿಸಿದನು. ಮರುದಿನ ಅವರು ಕೊನೆಯುಸಿರೆಳೆದರು. ಈ ಸಂಚಿನ ಹಿಂದಿದ್ದವನು ಕೆಲಣಿಯ ವಿಹಾರದ ಮುಖ್ಯಸ್ಥ ಬುದ್ಧರಕ್ಖಿತ. 1956ರಲ್ಲಿ ಬಂಡಾರನಾಯಕೆಯವರ ಗೆಲುವಿಗಾಗಿ ದುಡಿದವನೂ ಅವನೇ.

ಇಲ್ಲಿ ಎರಡು ಸಂಗತಿಗಳನ್ನು ನಾವು ಹೇಳದೆ ಮುಂದೆ ಹೋಗಲಾರೆವು. ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಮಲಗಿದ್ದ ಪ್ರಧಾನಿ ರಾಷ್ಟ್ರಕ್ಕೊಂದು ಸಂದೇಶ ಕೊಟ್ಟರು. ತಮ್ಮನ್ನು ಹೊಡೆದವನ ಮೇಲೆ ಸೇಡು ತೀರಿಸಿಕೊಳ್ಳಬೇಡಿ, ಅವನ ವಿಷಯದಲ್ಲಿ ಕರುಣೆ ತೋರಿಸಿ ಎಂದು ಅದರಲ್ಲಿ ಬೇಡಿಕೊಂಡಿದ್ದರು. ಇನ್ನೊಂದು: ಮರಣದಂಡನೆಗೆ ಗುರಿಯಾದ ಸೋಮರಾಮನನ್ನು 1962ರ ಜುಲೈ 6ರಂದು ಗಲ್ಲಿಗೇರಿಸಲಾಯಿತು, ಅದಕ್ಕೆ ಸ್ವಲ್ಪ ಮುಂಚೆ ಸೆರೆಮನೆಯಲ್ಲಿ ಅವನು ಕ್ರೈಸ್ತ ದೀಕ್ಷಾಸ್ನಾನ ಪಡೆದನು. ಕ್ರೈಸ್ತನಾಗಿ ಹುಟ್ಟಿ ಬೌದ್ಧನಾದವನನ್ನು ಬೌದ್ಧ ಭಿಕ್ಷುವೊಬ್ಬ ಕೊಂದು, ತಾನು ಕ್ರೈಸ್ತನಾಗಿ ಸತ್ತನು. ಮನುಷ್ಯರ ಹಣೆಬರಹವನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಲು ಹೊರಡುವವರು ಈ ಕಥೆಯನ್ನು ಒಮ್ಮೆ ನೆನೆಯಬೇಕು.

ಕಥೋಲಿಕರ ಮನಸ್ಸಿನ ಗಾಯ

ಗಂಡನ ಸ್ಥಾನಕ್ಕೆ ಬಂದ ಸಿರಿಮಾವೋ ಬಂಡಾರನಾಯಕೆ 1960ರ ಜುಲೈನಲ್ಲಿ ಪ್ರಪಂಚದ ಮೊದಲ ಮಹಿಳಾ ಪ್ರಧಾನಿಯಾದರು. ಅವರು ಬೌದ್ಧರು, ಓದಿದ್ದು ಮಾತ್ರ ಕೊಲಂಬೋದ ಸಂತ ಬ್ರಿಜೆಟ್ಟರ ಕಾನ್ವೆಂಟಿನಲ್ಲಿ, ಕನ್ಯಾಸ್ತ್ರೀಯರ ಕೈಕೆಳಗೆ. ಅವರ ಸರಕಾರವೇ 1960ರ ಕೊನೆಯಲ್ಲಿ, ಸರಕಾರದ ಅನುದಾನ ಪಡೆಯುತ್ತಿದ್ದ ಖಾಸಗಿ ಶಾಲೆಗಳನ್ನು ವಶಪಡಿಸಿಕೊಳ್ಳುವ ಕಾನೂನನ್ನು ಮಾಡಿತು. ಅವುಗಳಲ್ಲಿ ಬಹುಭಾಗ ಧರ್ಮಸಭೆಯ ಶಾಲೆಗಳು. ತಂದೆತಾಯಿಗಳು ಶಾಲೆಗಳೊಳಗೆ ಹೊಕ್ಕು ಹಗಲೂ ರಾತ್ರಿ ಅಲ್ಲಿಯೇ ಕುಳಿತರು. ಮುಂಬಯಿಯ ಕಾರ್ಡಿನಲ್ ವಲೇರಿಯನ್ ಗ್ರೇಶಿಯಸ್ ಅವರು ಮಧ್ಯೆ ಬಂದು ಸಮಾಧಾನ ಹೇಳಿದ ಮೇಲೆ ಆ ಪ್ರತಿಭಟನೆ ಶಾಂತವಾಯಿತು. ಶಾಲೆಗಳು ಮಾತ್ರ ಸರಕಾರದ ಕೈಸೇರಿದವು. ಹೊರಗುಳಿದ ಕೆಲವು ದೊಡ್ಡ ಶಾಲೆಗಳು ಅನುದಾನವೂ ಇಲ್ಲದೆ, ಶುಲ್ಕ ತೆಗೆದುಕೊಳ್ಳುವ ಹಕ್ಕೂ ಇಲ್ಲದೆ ವರ್ಷಗಟ್ಟಲೆ ಕಷ್ಟಪಟ್ಟವು.

ಬಡಬಗ್ಗರ ಮಕ್ಕಳಿಗೂ ಒಂದೇ ಬಗೆಯ ಶಿಕ್ಷಣ ದೊರೆಯಬೇಕು, ಮತದ ಕಾರಣದಿಂದ ಯಾರಿಗೂ ಮೇಲುಗೈ ಇರಬಾರದು ಎಂಬ ವಾದ ಆ ಕಾನೂನಿನ ಹಿಂದಿತ್ತು. ಆ ವಾದದಲ್ಲಿ ಸತ್ಯಾಂಶವಿರಲಿಲ್ಲವೆಂದು ನಾವು ಹೇಳಲಾರೆವು. ಆದರೂ ಪೈಸೆಪೈಸೆ ಕೂಡಿಸಿ ಶಾಲೆ ಕಟ್ಟಿದವರ ನೋವು ನಿಜವಾದ ನೋವೇ. ಹೀಗೆ ಬಂಡಾರನಾಯಕೆ ಎಂಬ ಹೆಸರು ಅಲ್ಲಿಯ ಕಥೋಲಿಕರ ಕಿವಿಗೆ ಇಂಪಾಗಿರಲಿಲ್ಲ. ಮುಂದಿನ ಕಥೆಯನ್ನು ಓದುವಾಗ ಇದು ನೆನಪಿನಲ್ಲಿರಲಿ.

ಎಂಟು ಮೂಲೆಯ ಮಂದಿರ

ಸಿಂಹಳಕ್ಕೂ ಚೀನಕ್ಕೂ ನಡುವಣ ಸ್ನೇಹ ಅಕ್ಕಿಯಿಂದ ಆರಂಭವಾಯಿತು. ಕೊರಿಯಾ ಯುದ್ಧದ ದಿನಗಳಲ್ಲಿ, 1952ರಲ್ಲಿ, ಸಿಂಹಳ ತನ್ನ ರಬ್ಬರನ್ನು ಚೀನಕ್ಕೆ ಕೊಟ್ಟು ಚೀನದ ಅಕ್ಕಿಯನ್ನು ಪಡೆಯುವ ಒಪ್ಪಂದ ಮಾಡಿಕೊಂಡಿತು. 1957ರಲ್ಲಿ ಬಂಡಾರನಾಯಕೆಯವರ ಕಾಲದಲ್ಲಿ ಉಭಯ ದೇಶಗಳೂ ರಾಯಭಾರ ಸಂಬಂಧವನ್ನು ಬೆಳೆಸಿದವು. 1964ರಲ್ಲಿ ಚೀನದ ಪ್ರಧಾನಿ ಚೌ ಎನ್‌ಲಾಯ್ ಸಿಂಹಳಕ್ಕೆ ಭೇಟಿಯಿತ್ತರು. ದಿವಂಗತ ಪ್ರಧಾನಿಯ ನೆನಪಿಗೆ ಅಂತಾರಾಷ್ಟ್ರೀಯ ಸಭಾಮಂದಿರವೊಂದನ್ನು ಕೊಡುಗೆಯಾಗಿ ಕಟ್ಟಿಸಿಕೊಡುವ ಮಾತು ಆ ಕಾಲದ್ದು. 1965ರಲ್ಲಿ ಸಿರಿಮಾವೋ ಅವರ ಸರಕಾರ ಬಿದ್ದಿತು. ಮಾತು ಮಾತಾಗಿಯೇ ಉಳಿಯಿತು. 1970ರಲ್ಲಿ ಅವರು ಮತ್ತೆ ಗೆದ್ದು ಬಂದ ಮೇಲೆ ಕೆಲಸ ಕೈಗೂಡಿತು.

1971ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕೆಲಸವಿಲ್ಲದೆ ಬೇಸತ್ತ ಓದಿದ ಯುವಕರು ಸರಕಾರದ ವಿರುದ್ಧ ಬಂಡೆದ್ದರು. ಸಾವಿರಾರು ಮಂದಿ ಸತ್ತರು. 1972ರ ಮೇ 22ರಂದು ಸಿಂಹಳವು ಗಣರಾಜ್ಯವಾಗಿ ಶ್ರೀಲಂಕಾ ಎಂಬ ಹೆಸರನ್ನು ಧರಿಸಿತು. ಹೀಗೆ ಒಂದು ಹೆಸರಿನ ದೇಶದಲ್ಲಿ ಆರಂಭವಾದ ಮಂದಿರ ಇನ್ನೊಂದು ಹೆಸರಿನ ದೇಶದಲ್ಲಿ ಮುಗಿಯಿತು. 1973ರ ಮೇ 17ರಂದು ಅದರ ಉದ್ಘಾಟನೆಯಾಯಿತು.

ನಕ್ಷೆಯನ್ನು ರಚಿಸಿದವರು ಚೀನದ ಪ್ರಖ್ಯಾತ ವಾಸ್ತುಶಿಲ್ಪಿ ದಾಯ್ ನಿಯಾಂಚಿ. ಚೀನದಿಂದ ಬಂದ ಕೆಲಸಗಾರರೂ ಆ ನಾಡಿನ ಕೆಲಸಗಾರರೂ ಕೂಡಿ ಅದನ್ನು ಕಟ್ಟಿದರು. ಮುಖ್ಯ ಕಟ್ಟಡಕ್ಕೆ ಎಂಟು ಮೂಲೆಗಳು. ಸುತ್ತಲೂ ಎತ್ತರವಾದ ಬಿಳಿಯ ಕಂಬಗಳು. ಅವುಗಳ ಮೇಲೆ ಮುಂಚಾಚಿದ ಅಗಲವಾದ ಮಾಡು. ಬಿಸಿಲು ಮಳೆಗಳೆರಡೂ ಹೆಚ್ಚಾದ ನಾಡಿನಲ್ಲಿ ಆ ಮಾಡು ಗೋಡೆಗಳಿಗೆ ಕೊಡೆ ಹಿಡಿದಂತಿದೆ. ಒಳಗಿನ ಮುಖ್ಯ ಸಭಾಂಗಣದಲ್ಲಿ ಸುಮಾರು 1500 ಮಂದಿ ಕೂರಬಹುದು. ಒಬ್ಬರು ಆಡಿದ ಮಾತು ಅದೇ ಕ್ಷಣದಲ್ಲಿ ಹಲವು ಭಾಷೆಗಳಲ್ಲಿ ಕೇಳಿಸುವ ಏರ್ಪಾಡೂ ಉಂಟು. ಭಾಷೆಯ ಕಾನೂನಿನಿಂದ ಹೆಸರಾದ ನಾಯಕನೊಬ್ಬನ ಸ್ಮಾರಕದಲ್ಲಿ ಎಲ್ಲ ಭಾಷೆಗಳಿಗೂ ಕಿವಿಗೊಡುವ ಯಂತ್ರವಿರುವುದು ಗಮನಿಸಬೇಕಾದ ಸಂಗತಿ. ಮಂದಿರವಿರುವ ರಸ್ತೆಯ ಹೆಸರು ಬೌದ್ಧಾಲೋಕ ಮಾವತ. ಎದುರಿಗೆ, ಅವುಕನದ ಪುರಾತನ ಬುದ್ಧಮೂರ್ತಿಯ ಪ್ರತಿರೂಪವೊಂದು ಎತ್ತರವಾಗಿ ನಿಂತಿದೆ.

ಬಂಡಾರನಾಯಕೆಯವರ ಸಮಾಧಿ ಇಲ್ಲಿಲ್ಲ. ಅದು ಹೊರಗೊಲ್ಲದಲ್ಲಿದೆ. ಇಲ್ಲಿರುವುದು ಅವರ ಹೆಸರು, ಅವರ ಬದುಕನ್ನು ತೋರಿಸುವ ಒಂದು ವಸ್ತುಸಂಗ್ರಹಾಲಯ, ಅವರ ಹೆಸರಿನಲ್ಲಿಯೇ ಅಂತಾರಾಷ್ಟ್ರೀಯ ವಿಷಯಗಳನ್ನು ಕಲಿಸುವ ಒಂದು ಅಧ್ಯಯನ ಕೇಂದ್ರ. ಸಿರಿಮಾವೋ ಅವರು 2000ದ ಅಕ್ಟೋಬರ್ 10ರಂದು, ಚುನಾವಣೆಯ ದಿನ, ಮತ ಹಾಕಿ ಹಿಂದಿರುಗುವಾಗ ನಿಧನರಾದರು. ಮುಂದೆ ಅವರ ನೆನಪಿಗೂ ಅದೇ ಆವರಣದಲ್ಲಿ ಒಂದು ವಸ್ತುಪ್ರದರ್ಶನ ಭವನ ಎದ್ದಿತು.

ಮಂದಿರದೊಳಗಿನ ಮಾತುಗಳು

1976ರ ಆಗಸ್ಟ್ 16ರಿಂದ 19ರವರೆಗೆ ಅಲಿಪ್ತ ರಾಷ್ಟ್ರಗಳ ಐದನೆಯ ಶೃಂಗಸಭೆ ಇಲ್ಲಿ ನಡೆಯಿತು. 86 ಸದಸ್ಯ ರಾಷ್ಟ್ರಗಳು ಸೇರಿದ್ದ ಆ ಸಭೆಗೆ ನಮ್ಮ ಪ್ರಧಾನಿ ಶ್ರೀಮತಿ ಇಂದಿರಾಗಾಂಧಿಯವರೂ ಹೋಗಿದ್ದರು. ಪುಟ್ಟ ದ್ವೀಪವೊಂದು ಪ್ರಪಂಚದ ಬಡರಾಷ್ಟ್ರಗಳಿಗೆಲ್ಲ ಆತಿಥ್ಯ ನೀಡಿದ ದಿನಗಳವು. ಸಿರಿಮಾವೋ ಅವರು ಆ ಚಳುವಳಿಯ ಅಧ್ಯಕ್ಷರಾದರು. ಮರುವರ್ಷವೇ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. 1980ರಲ್ಲಿ ಹೊಸ ಸರಕಾರ ಅವರ ನಾಗರಿಕ ಹಕ್ಕುಗಳನ್ನೇ ಕಿತ್ತುಕೊಂಡಿತು. 1986ರಲ್ಲಿ ಅವು ಮತ್ತೆ ದೊರೆತವು. ಗಂಡನ ಹೆಸರಿನ ಮಂದಿರ ನಗರದ ನಡುವೆ ನಿಂತಿರುವಾಗಲೇ ಹೆಂಡತಿಗೆ ಚುನಾವಣೆಗೆ ನಿಲ್ಲುವ ಹಕ್ಕಿಲ್ಲದ ಕಾಲವೂ ಬಂದಿತು. ಕಲ್ಲಿನಲ್ಲಿ ಕೆತ್ತಿದ ಹೆಸರು ಕುಟುಂಬವನ್ನು ಕಾಯಲಾರದು.

2008ರಲ್ಲಿ ಸಾರ್ಕ್ ದೇಶಗಳ ಶೃಂಗಸಭೆ, 2013ರ ನವೆಂಬರ್‌ನಲ್ಲಿ ಕಾಮನ್‌ವೆಲ್ತ್ ದೇಶಗಳ ಮುಖ್ಯಸ್ಥರ ಸಭೆ, ಇವುಗಳೂ ಇಲ್ಲಿಯೇ ನಡೆದವು. ಆದರೆ ದೊಡ್ಡವರ ಸಭೆಗಳು ಎಷ್ಟೋ ವರ್ಷಗಳಿಗೊಮ್ಮೆ ಬರುವಂಥವು. ಉಳಿದ ದಿನಗಳಲ್ಲಿ ಮಂದಿರ ಬದುಕುವುದು ಸಾಮಾನ್ಯ ಜನರಿಂದ. ಪದವಿ ಪಡೆಯುವ ಮಕ್ಕಳು ನಿಲುವಂಗಿ ತೊಟ್ಟು ತಂದೆತಾಯಿಗಳೊಡನೆ ಇಲ್ಲಿಗೆ ಬರುತ್ತಾರೆ. ವ್ಯಾಪಾರದ ವಸ್ತುಪ್ರದರ್ಶನಗಳು ನಡೆಯುತ್ತವೆ. ಇಲ್ಲಿ ನಡೆಯುವ ಕೊಲಂಬೋ ಅಂತಾರಾಷ್ಟ್ರೀಯ ಪುಸ್ತಕ ಮೇಳಕ್ಕೆ ದೂರದ ಊರುಗಳಿಂದ ಬಂದ ಶಾಲಾ ಮಕ್ಕಳು ಮಡಿಲ ತುಂಬ ಪುಸ್ತಕಗಳನ್ನು ಕೊಂಡೊಯ್ಯುತ್ತಾರೆ.

ಜಗದ್ಗುರುಗಳು ಬಂದಾಗ

ಜಗದ್ಗುರು ಆರನೆಯ ಪೌಲ್ ಅವರು 1970ರ ಡಿಸೆಂಬರ್ 4ರಂದು ಕೊಲಂಬೋದಲ್ಲಿ ಕೆಲವು ಗಂಟೆಗಳ ಕಾಲ ಇಳಿದಿದ್ದರು. ಆಗ ಈ ಮಂದಿರವಿನ್ನೂ ಎದ್ದಿರಲಿಲ್ಲ. 1995ರ ಜನವರಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲ್ ಬಂದರು. ಜನವರಿ 21ರಂದು ಗಾಲ್ ಫೇಸ್ ಮೈದಾನದಲ್ಲಿ ಜೋಸೆಫ್ ವಾಜ್ ಅವರನ್ನು ಧನ್ಯರೆಂದು ಘೋಷಿಸಿದರು. ಅದೇ ದಿನ ಈ ಮಂದಿರದಲ್ಲಿ ಅನ್ಯಧರ್ಮಗಳ ಮುಖಂಡರನ್ನು ಕಂಡರು. ಆಗ ದೇಶದ ಅಧ್ಯಕ್ಷೆ ಬಂಡಾರನಾಯಕೆಯವರ ಮಗಳು ಚಂದ್ರಿಕಾ ಕುಮಾರತುಂಗ. ಪ್ರಧಾನಿ ಅವರ ತಾಯಿ ಸಿರಿಮಾವೋ. ಶಾಲೆಗಳನ್ನು ಕಳೆದುಕೊಂಡ ಸಭೆಯ ಪರಮಗುರು, ಅವುಗಳನ್ನು ತೆಗೆದುಕೊಂಡ ಕುಟುಂಬದ ಹೆಸರಿನ ಮಂದಿರದಲ್ಲಿ ಕುಳಿತು ಸೌಹಾರ್ದದ ಮಾತನಾಡಿದರು. ಆದರೆ ಬೌದ್ಧ ಮುಖಂಡರ ಆಸನಗಳು ಖಾಲಿಯಾಗಿದ್ದವು. ಹಿಂದಿನ ವರ್ಷ ಪ್ರಕಟವಾದ ಜಗದ್ಗುರುಗಳ ಗ್ರಂಥದಲ್ಲಿ ಬೌದ್ಧಧರ್ಮದ ಬಗ್ಗೆ ಬಂದ ಮಾತುಗಳು ಅವರನ್ನು ನೋಯಿಸಿದ್ದವು. ಇದನ್ನು ಮುಚ್ಚಿಡುವುದರಿಂದ ಧರ್ಮಸಭೆಗೆ ಗೌರವ ಬರುವುದಿಲ್ಲ. ಪರರ ಧರ್ಮದ ಬಗ್ಗೆ ನಾವಾಡುವ ಮಾತನ್ನು ಅವರೂ ಕೇಳಿಸಿಕೊಳ್ಳುತ್ತಾರೆ ಎಂಬ ಪಾಠವನ್ನು ಆ ಖಾಲಿ ಆಸನಗಳು ಕಲಿಸಿದವು.

ಇಪ್ಪತ್ತು ವರ್ಷಗಳ ನಂತರ, 2015ರ ಜನವರಿ 13ರಂದು, ಜಗದ್ಗುರು ಫ್ರಾನ್ಸಿಸ್ ಅದೇ ಮಂದಿರಕ್ಕೆ ಬಂದರು. ವಿಮಾನ ನಿಲ್ದಾಣದಿಂದ ನಗರದವರೆಗೆ ರಸ್ತೆಯ ಇಕ್ಕೆಲಗಳಲ್ಲಿ ನೆರೆದ ಜನರಿಂದಾಗಿ ಬಿಸಿಲಿನಲ್ಲಿ ಅವರಿಗೆ ಬಹಳ ತಡವಾಯಿತು. ಆ ದಿನದ ಧರ್ಮಾಧ್ಯಕ್ಷರೊಡನೆಯ ಭೇಟಿಯನ್ನು ಬಿಡಬೇಕಾಯಿತು. ಅನ್ಯಧರ್ಮದವರೊಡನೆಯ ಭೇಟಿಯನ್ನು ಅವರು ಬಿಡಲಿಲ್ಲ. ಈ ಸಲ ಬೌದ್ಧ ಭಿಕ್ಷುಗಳು ಬಂದಿದ್ದರು. ಹಿಂದೂ, ಇಸ್ಲಾಂ ಮುಖಂಡರೂ ಇತರ ಕ್ರೈಸ್ತ ಸಭೆಗಳವರೂ ಇದ್ದರು. ಹಿಂದೂ ಅರ್ಚಕರೊಬ್ಬರು ಕೇಸರಿ ಶಾಲನ್ನು ಹೊದಿಸಿದರು. ಜಗದ್ಗುರುಗಳು ಅದನ್ನು ಹೆಗಲ ಮೇಲೆ ಧರಿಸಿಯೇ ಕುಳಿತರು. ನಮ್ಮ ಬಿಡಾರದ ದೂರದರ್ಶನದಲ್ಲಿ ಆ ದೃಶ್ಯವನ್ನು ಕಂಡಾಗ ಜೊತೆಯಲ್ಲಿದ್ದ ವೃದ್ಧ ಯಾತ್ರಿಕರೊಬ್ಬರು ಶಿಲುಬೆಯ ಗುರುತು ಹಾಕಿಕೊಂಡರು. ಮರುದಿನ ಸಂತಪದವಿಯ ಬಲಿಪೂಜೆಯ ನಂತರ ಜಗದ್ಗುರುಗಳು ಮಡು ಮಾತೆಯ ಕ್ಷೇತ್ರಕ್ಕೆ ಹೋಗಿ ಬಂದು, ಕಾರ್ಯಕ್ರಮದಲ್ಲಿಲ್ಲದಿದ್ದರೂ ಮಹಾಬೋಧಿ ಸೊಸೈಟಿಯ ಬೌದ್ಧ ವಿಹಾರಕ್ಕೂ ಭೇಟಿಯಿತ್ತರು. 1995ರ ಖಾಲಿ ಆಸನಗಳಿಗೆ ಅದೊಂದು ಉತ್ತರವಾಯಿತು.

ಸಮಾಧಿಯಿಲ್ಲದ ಸಂತ

ಯಾರ ನಿಮಿತ್ತವಾಗಿ ಇಬ್ಬರು ಜಗದ್ಗುರುಗಳು ಅಲ್ಲಿಗೆ ಹೋದರೋ ಆ ಸಂತನು ನಮ್ಮವನೂ ಹೌದು. 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ ಹುಟ್ಟಿದ ಜೋಸೆಫ್ ವಾಜ್ ಅವರು 1681ರಿಂದ 1684ರವರೆಗೆ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಸೇವೆ ಸಲ್ಲಿಸಿದರು. ಆಗ ಅದು ಕೆಳದಿಯ ರಾಣಿ ಚೆನ್ನಮ್ಮಾಜಿಯ ರಾಜ್ಯ. ಗಂಗೊಳ್ಳಿ, ಕುಂದಾಪುರ, ಬಸ್ರೂರು, ಮಂಗಳೂರು ಎಂದು ನಡೆದಾಡಿದರು. ಅಧಿಕಾರದ ವಿಷಯದಲ್ಲಿ ಎರಡು ಪಂಗಡವಾಗಿದ್ದ ಅಲ್ಲಿಯ ಕ್ರೈಸ್ತರನ್ನು ಒಂದುಗೂಡಿಸಲು ದುಡಿದರು. ಮುಡಿಪಿನ ಗುಡ್ಡದಲ್ಲಿ ಇಂದಿಗೂ ಭಕ್ತರು ಅವರನ್ನು ನೆನೆಯುತ್ತಾರೆ. ನಮ್ಮಲ್ಲಿ ಅನೇಕರ ಹಿರಿಯರು ಘಟ್ಟ ಹತ್ತಿ ಬಂದದ್ದು ಆ ಕರಾವಳಿಯಿಂದಲೇ.

ಡಚ್ಚರು ಸಿಂಹಳದಲ್ಲಿ ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. 1687ರಲ್ಲಿ ವಾಜ್ ಸ್ವಾಮಿಗಳು ಕೂಲಿಯ ವೇಷದಲ್ಲಿ ಅಲ್ಲಿಗೆ ನುಸುಳಿದರು. 1692ರಲ್ಲಿ ಕ್ಯಾಂಡಿ ತಲುಪಿದಾಗ ಗೂಢಚಾರನೆಂದು ಸೆರೆಗೆ ಬಿದ್ದರು. ಅಲ್ಲಿಯ ಬೌದ್ಧ ರಾಜ ಎರಡನೆಯ ವಿಮಲಧರ್ಮಸೂರ್ಯನು ಕ್ರಮೇಣ ಅವರನ್ನು ಅರಿತು ಆಶ್ರಯ ಕೊಟ್ಟನು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ, ಬಂಧುಗಳೇ ರೋಗಿಗಳನ್ನು ಬಿಟ್ಟು ಓಡಿದಾಗ, ವಾಜ್ ಅವರು ಮತಭೇದವಿಲ್ಲದೆ ಅವರ ಗಾಯ ತೊಳೆದರು, ಸತ್ತವರನ್ನು ಹೂಳಿದರು. 1711ರ ಜನವರಿ 16ರಂದು ಅಲ್ಲಿಯೇ ತೀರಿಕೊಂಡರು. ಅವರನ್ನು ಹೂಳಿದ ಸ್ಥಳವನ್ನು ಇಂದು ಯಾರೂ ಖಚಿತವಾಗಿ ತೋರಿಸಲಾರರು. ಕಲ್ಲಿಲ್ಲ, ಹೆಸರಿಲ್ಲ. ಆದರೂ ಮುನ್ನೂರು ವರ್ಷಗಳ ಮೇಲೆ ಆ ಹೆಸರಿನ ನಿಮಿತ್ತ ಒಂದು ರಾಷ್ಟ್ರವೇ ಸಮುದ್ರ ತೀರದಲ್ಲಿ ನೆರೆಯಿತು.

ದೂರು ಕೇಳಿದ ಮಂದಿರ

2019ರ ಏಪ್ರಿಲ್ 21, ಪುನರುತ್ಥಾನದ ಭಾನುವಾರ. ಕೊಚ್ಚಿಕಡೆಯ ಸಂತ ಅಂತೋಣಿಯವರ ಕ್ಷೇತ್ರ, ನೆಗೊಂಬೋ ಬಳಿಯ ಕಟುವಪಿಟಿಯದ ಸಂತ ಸೆಬಾಸ್ಟಿಯನ್ನರ ದೇವಾಲಯ, ಮಟ್ಟಕಳಪ್ಪಿನ ಸೀಯೋನ್ ಸಭೆ, ಕೊಲಂಬೋದ ಹೋಟೆಲುಗಳು ಇವುಗಳಲ್ಲಿ ಆತ್ಮಹತ್ಯಾ ಬಾಂಬುಗಳು ಸಿಡಿದವು. 260ಕ್ಕೂ ಹೆಚ್ಚು ಮಂದಿ ಸತ್ತರು. ಹೊಸ ಬಟ್ಟೆ ತೊಟ್ಟು ಬಲಿಪೂಜೆಗೆ ಬಂದ ಮಕ್ಕಳೂ ಅವರಲ್ಲಿದ್ದರು. ಅದು ಸಂತ ಜೋಸೆಫ್ ವಾಜ್ ಅವರ ಜನ್ಮದಿನವೂ ಆಗಿತ್ತು. ಆ ಸಂತನಿಗೆ ಮುಕುಟವಿಟ್ಟ ಜಗದ್ಗುರು ಫ್ರಾನ್ಸಿಸ್ ಅವರು 2025ರಲ್ಲಿ ತೀರಿಕೊಂಡದ್ದೂ ಏಪ್ರಿಲ್ 21ರಂದೇ. ಇದಕ್ಕೆ ನಾವು ಅರ್ಥ ಹೇಳಲು ಹೋಗುವುದಿಲ್ಲ; ಆ ದಿನ ಬಂದಾಗ ಬಲಿಪೀಠದ ಬಳಿ ಮೂರು ಪ್ರಾರ್ಥನೆಗಳನ್ನು ಮಾಡುತ್ತೇವೆ, ಅಷ್ಟೆ.

ಮುನ್ಸೂಚನೆಗಳು ಬಂದಿದ್ದರೂ ಅನಾಹುತವನ್ನು ಏಕೆ ತಡೆಯಲಿಲ್ಲವೆಂದು ಜನ ಕೇಳಿದರು. 2019ರ ಸೆಪ್ಟೆಂಬರ್‌ನಲ್ಲಿ ದೇಶದ ಅಧ್ಯಕ್ಷರು ವಿಚಾರಣಾ ಆಯೋಗವೊಂದನ್ನು ನೇಮಿಸಿದರು. ಅದು ಕುಳಿತದ್ದು ಈ ಬಂಡಾರನಾಯಕೆ ಸ್ಮಾರಕ ಭವನದ ಆವರಣದಲ್ಲಿಯೇ. ನಾನೂರಕ್ಕೂ ಹೆಚ್ಚು ಸಾಕ್ಷಿಗಳು ಅದರ ಮುಂದೆ ಬಂದರು. ಕಾರ್ಡಿನಲ್ ಮಾಲ್ಕಮ್ ರಂಜಿತ್ ಅವರು ಸಾಕ್ಷ್ಯ ನುಡಿದರು. ಆಯೋಗವನ್ನು ನೇಮಿಸಿದ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರೇ ಅಧಿಕಾರದಿಂದಿಳಿದ ಮೇಲೆ ಅದರೆದುರು ಉತ್ತರ ಹೇಳಬೇಕಾಯಿತು. 2021ರ ಫೆಬ್ರವರಿಯಲ್ಲಿ ವರದಿ ಸಲ್ಲಿಕೆಯಾಯಿತು. 2023ರ ಜನವರಿಯಲ್ಲಿ ಶ್ರೀಲಂಕಾದ ಸರ್ವೋಚ್ಚ ನ್ಯಾಯಾಲಯವು, ಕರ್ತವ್ಯಲೋಪಕ್ಕಾಗಿ ಸಿರಿಸೇನ ಅವರು ಸ್ವಂತ ಹಣದಿಂದ ಹತ್ತು ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಪೂರ್ಣ ಸತ್ಯ ಹೊರಬಂದಿಲ್ಲವೆಂಬುದು ಆ ವರದಿಯ ನಂತರವೂ ಅಲ್ಲಿಯ ಧರ್ಮಸಭೆಯ ದೂರಾಗಿ ಉಳಿಯಿತು. ಆದರೂ ರಾಜರುಗಳು ಕುಳಿತೆದ್ದ ಆವರಣದಲ್ಲಿ ಅನಾಥರಾದವರ ಪರವಾಗಿ ಪ್ರಶ್ನೆಗಳನ್ನು ಕೇಳಲಾಯಿತು, ಉತ್ತರಗಳನ್ನು ಬರೆದುಕೊಳ್ಳಲಾಯಿತು.

ನಮ್ಮ ಮಟ್ಟಿಗೆ ಆ ಮಂದಿರವು ಸ್ಮಾರಕವೆಂಬ ಹೆಸರಿಗೆ ಹೆಚ್ಚು ತಕ್ಕದ್ದಾದದ್ದು ಆ ದಿನಗಳಲ್ಲಿ. ತನ್ನನ್ನು ಕೊಂದವನ ಮೇಲೆ ಸೇಡು ಬೇಡವೆಂದವನ ಹೆಸರಿನ ಮಂದಿರದಲ್ಲಿ, ಸೇಡಿಲ್ಲದೆ ನ್ಯಾಯವನ್ನು ಕೇಳಲು ಕ್ರೈಸ್ತರು ಬಂದು ನಿಂತರು. ಅರುವತ್ತು ವರ್ಷಗಳ ಹಿಂದೆ ಅವರ ಶಾಲೆಗಳನ್ನು ತೆಗೆದುಕೊಂಡ ಹೆಸರೇ ಅದು. ನೋವು ಮಾಯವಾಗಿರಲಿಲ್ಲ, ಆದರೆ ಬಾಗಿಲು ತೆರೆದಿತ್ತು.

ನಮ್ಮ ಭವನದ ವಿಷಯ

ಪ್ರಿಯ ಬಾಂಧವರೇ, ನಾವು ಕಟ್ಟುವ ಭವನದಲ್ಲಿ ಮುನ್ನೂರು ಮಂದಿ ಕೂತರೆ ಹೆಚ್ಚು. ಅಲ್ಲಿಗೆ ರಾಷ್ಟ್ರನಾಯಕರು ಬರುವುದಿಲ್ಲ. ಮದುವೆಯ ಊಟ, ಮಕ್ಕಳ ಜ್ಞಾನೋಪದೇಶ, ಕಾಫಿ ಕೊಯ್ಲಿನ ಕಾಲದ ಸಭೆ, ಸಾವಿನ ಮನೆಯವರ ಮೂವತ್ತನೆಯ ದಿನದ ಕೂಟ, ಇಷ್ಟೇ ಅದರ ಬದುಕು. ಆದರೂ ಕೊಲಂಬೋದ ಮಂದಿರದಿಂದ ನಾವು ಮೂರು ಮಾತುಗಳನ್ನು ಕಲಿತಿದ್ದೇವೆ. ಅವುಗಳನ್ನು ಪಾಲನಾ ಮಂಡಳಿಯ ಮುಂದಿಟ್ಟಿದ್ದೇವೆ.

ಮೊದಲನೆಯದು: ಭವನದ ಬಾಗಿಲು ಊರಿನ ಎಲ್ಲ ಜಾತಿಮತದವರಿಗೂ ಒಂದೇ ಬಾಡಿಗೆಗೆ, ಒಂದೇ ಮರ್ಯಾದೆಯಿಂದ ತೆರೆಯಲಿ. ಖ್ಯಾತಿಯುಳ್ಳವರು ಬರದಿದ್ದರೂ ಭವನಕ್ಕೆ ಕೊರತೆಯಿಲ್ಲ. ನೆರೆಯವರು ಬರದೆ ಆಸನಗಳು ಖಾಲಿಯಾದರೆ ಕೊರತೆಯುಂಟು.

ಎರಡನೆಯದು: ಯಾವ ಮನೆತನದ ಹೆಸರೂ, ಗುರುಗಳ ಹೆಸರೂ ಬೇಡ. ಮೊದಲ ಗುರುಗಳ ಹೆಸರನ್ನು ಸೂಚಿಸಿದ್ದವರಲ್ಲಿ ನಾವೂ ಒಬ್ಬರಾಗಿದ್ದೆವು. ಆ ಮಾತನ್ನು ಹಿಂದಕ್ಕೆ ಪಡೆಯುತ್ತೇವೆ. ಗೋಡೆಯ ಮೇಲೆ ನಮ್ಮ ಹಳೆಯ ದೀಕ್ಷಾಸ್ನಾನದ ಹಾಗೂ ಮರಣದ ದಫ್ತರುಗಳಿಂದ ಈ ಧರ್ಮಕೇಂದ್ರದ ಮೊದಲ ಹತ್ತು ವರ್ಷಗಳ ಎಲ್ಲ ಹೆಸರುಗಳನ್ನೂ ಬರೆಸೋಣ. ಆ ದಫ್ತರುಗಳಲ್ಲಿ ದಾನಿಯೂ ಕೂಲಿಯೂ ಒಂದೇ ಅಳತೆಯ ಒಂದೊಂದು ಸಾಲಿನಲ್ಲಿದ್ದಾರೆ. ಅಂದಿನ ಗುರುಗಳು ಮಸಿಯಲ್ಲಿ ಮಾಡಿದ ಆ ಸಮಾನತೆಯನ್ನು ನಾವು ಕಲ್ಲಿನಲ್ಲಿ ಕೆಡಿಸಬಾರದು. ಆ ಅಮ್ಮನ ಅಜ್ಜನ ಹೆಸರನ್ನು ನಾವು ಹುಡುಕಿದೆವು. ಅದು ಎರಡನೆಯ ದಫ್ತರಿನಲ್ಲಿದೆ. ಪಕ್ಕದಲ್ಲಿ ಕಸುಬು ಎಂಬಲ್ಲಿ ‘ತೋಟದ ಆಳು’ ಎಂದಿದೆ.

ಮೂರನೆಯದು: ಭವನ ಕಟ್ಟಿ ಮುಗಿದ ಮೇಲೆ ಅದರಲ್ಲಿ ನಡೆಯುವ ಮೊದಲ ಕಾರ್ಯ ಸನ್ಮಾನ ಸಮಾರಂಭವಾಗದಿರಲಿ. ಹಿಂದಿನ ಸಾಲಿನಲ್ಲಿ ಕುಳಿತೇ ನೂರು ವರ್ಷ ಕಳೆದವರು ಮುಂದೆ ಬಂದು ಮಾತನಾಡಲಿ. ಉಳಿದವರು, ನಾವೂ ಸೇರಿ, ಕೇಳಿಸಿಕೊಳ್ಳೋಣ. ಅವರ ಮಾತಿನಲ್ಲಿ ನಮ್ಮ ಹಿಂದಿನವರ ತಪ್ಪುಗಳಿರಬಹುದು, ನಮ್ಮವೂ ಇರಬಹುದು. ಹೊಗಳಿಕೆಗೆ ಮಾತ್ರ ಕಟ್ಟಿದ ಭವನ ಬೇಗ ಹಳತಾಗುತ್ತದೆ.

ಪಾಲನಾ ಮಂಡಳಿ ಮೊದಲ ಎರಡು ಮಾತುಗಳನ್ನು ಒಪ್ಪಿದೆ. ಮೂರನೆಯದರ ಬಗ್ಗೆ ಇನ್ನೂ ಚರ್ಚೆಯಿದೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ತಳಪಾಯಕ್ಕೆ ಕಲ್ಲು ಬಂದಿರುತ್ತದೆ. ಹೊಳೆಯಿಂದಲ್ಲ, ಲಾರಿಯಲ್ಲಿ. ಆದರೂ ಮುಂದಿನ ಭಾನುವಾರ ಬಲಿಪೂಜೆಯ ನಂತರ, ಕೈಲಾದವರೆಲ್ಲರೂ ಒಂದೊಂದು ಕಲ್ಲನ್ನು ಲಾರಿಯಿಂದ ತಳಪಾಯದವರೆಗೆ ಹೊತ್ತು ತರಬೇಕೆಂದು ಬೇಡಿಕೊಳ್ಳುತ್ತೇವೆ. ದಾನಿಗಳೂ ಬನ್ನಿ, ಆಳುಗಳ ಮೊಮ್ಮಕ್ಕಳೂ ಬನ್ನಿ. ನಮಗೆ ವಯಸ್ಸಾಗಿದೆ, ಆದರೂ ಒಂದು ಸಣ್ಣ ಕಲ್ಲನ್ನು ನಾವೂ ಹೊರುತ್ತೇವೆ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.